ಪರರ ಶಿಶುವಿನ ರಕ್ಷಣೆಯೂ ಗೃಹಸ್ಥಧರ್ಮವೇ?



ಮಗುವಿಗೆ ಲಸಿಕೆ ಹಾಕಿಸುವುದೂ ಬಿಡುವುದೂ ನಮ್ಮ ಮನೆಯ ವಿಚಾರ, ಅದನ್ನು ಪ್ರಶ್ನಿಸುವ ಅಧಿಕಾರ ಪರರಿಗಿಲ್ಲ ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ೨೦೧೭ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಮಹಾಭಿಯಾನವು ಕರ್ನಾಟಕ, ತಮಿಳುನಾಡುಗಳೂ ಸೇರಿದಂತೆ ಐದು ಪ್ರದೇಶಗಳಲ್ಲಿ ಮೊದಲುಗೊಂಡಿತು. ಆಗ ಚೆನ್ನೈ ನಗರದ ಎಷ್ಟೋ ಪಾಲಕರು ವಾಟ್ಸಾಪಿನಲ್ಲಿ ಬಂದ ವದಂತಿಗಳನ್ನು ನಂಬಿ ಮಕ್ಕಳನ್ನು ಹಿಂದಿರಿಸಿಕೊಂಡರು. ಅಭಿಯಾನದ ಅವಧಿಯನ್ನೇ ವಿಸ್ತರಿಸಬೇಕಾಯಿತು. ಆದುದರಿಂದ ಈ ವಿಷಯವನ್ನು ಧರ್ಮದೃಷ್ಟಿಯಿಂದ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಇಲ್ಲಿಯವರು ತಟ್ಟಮ್ಮೈ ಎಂದು ಕರೆಯುವ ದಡಾರಕ್ಕೆ ನಮ್ಮ ದೇಶದಲ್ಲಿ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ನಾಯಿಕೆಮ್ಮನ್ನು ತಡೆಯುವ ಲಸಿಕೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ. ತಾಯಿಯಿಂದ ಗರ್ಭದಲ್ಲಿ ಬಂದ ರಕ್ಷಣೆ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ. ಆದುದರಿಂದ ಪ್ರತಿಯೊಂದು ಶಿಶುವಿನ ಬಾಳಿನಲ್ಲಿಯೂ ತನ್ನ ರಕ್ಷಣೆ ತನ್ನಲ್ಲಿಲ್ಲದ ಒಂದು ಕಾಲವಿದೆ. ಆ ಕಾಲದಲ್ಲಿ ಅದರ ಸುತ್ತಲಿನವರೇ ಅದಕ್ಕೆ ಕೋಟೆ. ನಾಯಿಕೆಮ್ಮಿನಿಂದ ಮರಣಿಸುವವರಲ್ಲಿ ಹೆಚ್ಚಿನವರು ಮೂರು ತಿಂಗಳೂ ತುಂಬದ ಹಸುಳೆಗಳು. ಅವರಿಗೆ ರೋಗ ತಗಲುವುದು ಬಹುಮಟ್ಟಿಗೆ ಮನೆಯವರಿಂದಲೇ ಎಂಬುದು ಮನಮುಟ್ಟಬೇಕಾದ ಸಂಗತಿ.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರಿಶೀಲಿಸೋಣ.

'ನನ್ನ ಮಗು, ನನ್ನ ನಿರ್ಧಾರ' ಎಂಬುದು ಮೊದಲನೆಯದು. ದಡಾರದ ರೋಗಿಯು ಕೋಣೆಯಿಂದ ಹೊರಟುಹೋದ ಮೇಲೆಯೂ ಎರಡು ಗಂಟೆಗಳವರೆಗೆ ರೋಗಾಣು ಗಾಳಿಯಲ್ಲಿ ಉಳಿಯಬಲ್ಲುದು. ಮೈಮೇಲೆ ಗುಳ್ಳೆಗಳು ತೋರುವುದಕ್ಕೆ ನಾಲ್ಕು ದಿನ ಮೊದಲೇ ಅದು ಹರಡತೊಡಗುತ್ತದೆ. ಆರಾಧನೆಯ ದಿನ ಮಠದ ಪ್ರಾಂಗಣದಲ್ಲಿ ನೂರಾರು ಜನ ತೀರ್ಥಪ್ರಸಾದಕ್ಕಾಗಿ ಒತ್ತಾಗಿ ಕುಳಿತಿರುವಾಗ, ಮಂತ್ರಾಕ್ಷತೆಗೆಂದು ಎತ್ತಿಕೊಂಡು ಬಂದ ಎರಡು ತಿಂಗಳ ಕೂಸೂ ಅಲ್ಲಿರುತ್ತದೆ. ಆ ಕೂಸಿನ ತಾಯಿಯ ಸಮ್ಮತಿಯನ್ನು ಯಾರೂ ಕೇಳಿರುವುದಿಲ್ಲ. ನಿರ್ಧಾರ ಒಬ್ಬರದು, ಫಲವನ್ನು ಉಣ್ಣುವವರು ಮತ್ತೊಬ್ಬರು ಎಂದಾದಲ್ಲಿ ಅದು ಸ್ವಂತ ವಿಚಾರವೆನಿಸದು.

'ಲಸಿಕೆಯಿಂದಲೇ ಕೆಡುಕಾದರೆ?' ಎಂಬುದು ಎರಡನೆಯದು. ಈ ಭಯವನ್ನು ಹಾಸ್ಯ ಮಾಡಲಾಗದು. ೨೦೦೮ರ ಏಪ್ರಿಲಿನಲ್ಲಿ ನಮ್ಮ ನಗರಕ್ಕೆ ಹೊಂದಿಕೊಂಡ ತಿರುವಳ್ಳೂರು ಜಿಲ್ಲೆಯಲ್ಲಿ ದಡಾರದ ಲಸಿಕೆ ಪಡೆದ ನಾಲ್ಕು ಶಿಶುಗಳು ಅಸುನೀಗಿದವು. ಆ ತಾಯಂದಿರ ಶೋಕಕ್ಕೆ ಯಾವ ಅಂಕಿಸಂಖ್ಯೆಯೂ ಸಮಾಧಾನವಾಗದು. ಆದರೆ ಅದರಿಂದ ತಿಳಿಯಬೇಕಾದದ್ದು ಲಸಿಕೆಯನ್ನು ನೀಡುವಲ್ಲಿ ಎಚ್ಚರವಿರಬೇಕು, ಪಾಲಕರ ಪ್ರಶ್ನೆಗಳಿಗೆ ವೈದ್ಯರು ತಾಳ್ಮೆಯಿಂದ ಉತ್ತರಿಸಬೇಕು ಎಂಬುದೇ ಹೊರತು ಲಸಿಕೆಯೇ ತ್ಯಾಜ್ಯವೆಂಬುದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ತಮಿಳುನಾಡಿನಲ್ಲಿ ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಮಕ್ಕಳ ಪ್ರಮಾಣ ೨೦೦೫-೦೬ರಲ್ಲಿ ಸುಮಾರು ಶೇಕಡ ೮೧ ಇದ್ದದ್ದು ೨೦೧೫-೧೬ರಲ್ಲಿ ಸುಮಾರು ೭೦ಕ್ಕೆ ಇಳಿದು, ಮುಂದಿನ ಸಮೀಕ್ಷೆಯಲ್ಲಿ ೮೯ಕ್ಕೆ ಏರಿತು. ಇಳಿತಕ್ಕೆಲ್ಲ ಒಂದೇ ಕಾರಣವೆನ್ನಲಾಗದಿದ್ದರೂ, ಕಳೆದ ವಿಶ್ವಾಸವನ್ನು ಮರಳಿ ಗಳಿಸಲು ವರ್ಷಗಳೇ ಹಿಡಿಯುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಲಸಿಕೆಯಿಂದ ಬುದ್ಧಿಬೆಳವಣಿಗೆ ಕುಂದುವುದೆಂಬ ವದಂತಿಗೆ ಮೂಲವಾದದ್ದು ೧೯೯೮ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ, ಕೇವಲ ಹನ್ನೆರಡು ಮಕ್ಕಳನ್ನು ಕುರಿತ ಒಂದು ಬರಹ. ೨೦೧೦ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ಸಂಬಂಧವೇನೂ ಕಂಡುಬರಲಿಲ್ಲ.

ಇಲ್ಲಿ ಸೂಕ್ಷ್ಮವಾದ ಒಂದು ಧರ್ಮಪ್ರಶ್ನೆಯಿದೆ. ಮಾಡಿ ಕೆಡುವುದಕ್ಕಿಂತ ಮಾಡದೆ ಇರುವುದೇ ಲೇಸು ಎಂದು ಮನಸ್ಸು ಹೇಳುತ್ತದೆ. ಆದರೆ ನಮ್ಮ ಸಂಪ್ರದಾಯದಲ್ಲಿ ವಿಹಿತಕರ್ಮವನ್ನು ಮಾಡದಿದ್ದರೂ ಪ್ರತ್ಯವಾಯವುಂಟು. ಸಂಧ್ಯಾವಂದನೆಯನ್ನು ಬಿಟ್ಟವನು 'ನಾನು ಏನನ್ನೂ ಮಾಡಲಿಲ್ಲ, ಆದುದರಿಂದ ದೋಷವಿಲ್ಲ' ಎನ್ನಲು ಬರುವುದಿಲ್ಲ. ಹಾಗೆಯೇ ಲಸಿಕೆ ಹಾಕಿಸದಿರುವುದೂ ಒಂದು ಆಯ್ಕೆಯೇ. ಅದರ ಫಲಕ್ಕೂ ನಾವು ಬಾಧ್ಯರು.

'ಉಳಿದವರೆಲ್ಲ ಹಾಕಿಸಿದ್ದಾರೆ, ನಮ್ಮ ಒಂದು ಮಗುವಿನಿಂದ ಏನಾದೀತು?' ಎಂಬುದು ಮೂರನೆಯದು; ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿರುವುದು ಇದೇ. ದಡಾರದ ಹರಡುವಿಕೆ ನಿಲ್ಲಬೇಕಾದರೆ ನೂರರಲ್ಲಿ ತೊಂಬತ್ತೈದು ಜನರಾದರೂ ರಕ್ಷಿತರಾಗಿರಬೇಕು. ಉಳಿದ ಅಲ್ಪ ಅವಕಾಶವು ಎಳೆಯ ಶಿಶುಗಳಿಗೆ, ರಕ್ತದ ಕ್ಯಾನ್ಸರಿನಂತಹ ವ್ಯಾಧಿಗಳಿಂದಾಗಿ ಲಸಿಕೆಯನ್ನು ಪಡೆಯಲಾಗದ ಮಕ್ಕಳಿಗೆ ಮೀಸಲು. ಆರೋಗ್ಯವಂತನು ಅಲ್ಲಿ ನುಗ್ಗಿ ಕುಳಿತರೆ ಅಶಕ್ತನು ಹೊರಗೆ ಬೀಳುತ್ತಾನೆ. ಎಲ್ಲರ ದುಡಿಮೆಯ ಫಲವನ್ನು ತಾನು ಉಂಡು ತನ್ನ ಪಾಲನ್ನು ಸಲ್ಲಿಸದಿರುವುದು ಅಸ್ತೇಯವ್ರತಕ್ಕೆ ಭಂಗ. ಎಲ್ಲ ಮನೆಗಳವರೂ ಹೀಗೆಯೇ ಯೋಚಿಸಿದರೆ ಅವರು ನಂಬಿದ ಕೋಟೆಯೇ ಇರುವುದಿಲ್ಲ.

'ಎಲ್ಲವೂ ಹರಿಚಿತ್ತ, ಆಯುಸ್ಸಿದ್ದರೆ ಮಗು ಬದುಕುತ್ತದೆ' ಎಂಬುದು ನಾಲ್ಕನೆಯದು. ಇದು ಭಕ್ತಿಯ ಮಾತಿನಂತೆ ಕೇಳಿಸಿದರೂ ಸಿದ್ಧಾಂತವಲ್ಲ. ಶ್ರೀಮದಾಚಾರ್ಯರ ಮತದಲ್ಲಿ ಜೀವನು ಪರಾಧೀನನಾದರೂ ಕರ್ತೃವೇ; ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಹಸಿದ ಮಗುವಿಗೆ ಹಾಲೂಡುವಾಗ, ರಸ್ತೆ ದಾಟುವಾಗ ಕೈ ಹಿಡಿಯುವಾಗ ನಾವು ಹರಿಚಿತ್ತವೆಂದು ಸುಮ್ಮನಿರುವುದಿಲ್ಲ. ಪ್ರಯತ್ನವೂ ಅವನ ಪ್ರೇರಣೆಯೇ, ಔಷಧವೂ ಅವನ ಸೃಷ್ಟಿಯೇ.

ಈ ವಿಷಯದಲ್ಲಿ ಕನ್ನಡನಾಡಿನ ಇತಿಹಾಸವೂ ಸ್ಮರಣೀಯ. ಸಿಡುಬಿನ ಲಸಿಕೆ ಭರತಖಂಡಕ್ಕೆ ಬಂದದ್ದು ೧೮೦೨ರಲ್ಲಿ. ಆಗ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದು, ಮಾಧ್ವರಾದ ಪೂರ್ಣಯ್ಯನವರು ದಿವಾನರಾಗಿದ್ದರು. ಅಂದು ಒಂದು ಮಗುವಿನ ತೋಳಿನಿಂದ ಮತ್ತೊಂದರ ತೋಳಿಗೆ ರಸವನ್ನು ದಾಟಿಸಬೇಕಾಗಿದ್ದುದರಿಂದ ಮಡಿಮೈಲಿಗೆಯ ಶಂಕೆ ಬಲವಾಗಿತ್ತು. ಆದರೂ ಅರಮನೆಯವರು ಹಿಂಜರಿಯಲಿಲ್ಲ. ಥಾಮಸ್ ಹಿಕಿ ೧೮೦೫ರ ಸುಮಾರಿಗೆ ಬರೆದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬ ರಾಣಿಯು ಸೆರಗನ್ನು ತುಸು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಇತಿಹಾಸಜ್ಞರೊಬ್ಬರು ಅರ್ಥೈಸಿದ್ದಾರೆ. ಚೆನ್ನೈಯ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯೂ ೧೮೯೯ರಲ್ಲಿ ಆರಂಭವಾಗಿ ಸಿಡುಬಿನ ಲಸಿಕೆಯನ್ನು ಒದಗಿಸಿತು. ೧೯೭೫ರಲ್ಲಿ ಆ ಮಾರಿ ನಮ್ಮ ದೇಶವನ್ನು ಬಿಟ್ಟುಹೋಯಿತು. ಹಿರಿಯರು ಶಂಕೆಯನ್ನು ದಾಟಿ ಕೈಯೊಡ್ಡಿದುದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಈ ಋಣವನ್ನು ಹಿಂದಿನವರಿಗೆ ತೀರಿಸಲಾಗದು, ಮುಂದಿನ ಶಿಶುಗಳಿಗೇ ಸಲ್ಲಿಸಬೇಕು.

ಹಾಗಾದರೆ ಸದ್ಗೃಹಸ್ಥರ ಕರ್ತವ್ಯವೇನು? ಮಕ್ಕಳ ಲಸಿಕೆಗಳನ್ನು ಕಾಲಕಾಲಕ್ಕೆ ಪೂರೈಸುವುದು. ಮನೆಯಲ್ಲಿ ಗರ್ಭಿಣಿಯಿದ್ದರೆ, ಗರ್ಭಸ್ಥ ಶಿಶುವಿಗೂ ನಾಯಿಕೆಮ್ಮಿನಿಂದ ರಕ್ಷಣೆ ದೊರೆಯುವಂತೆ ೨೭ರಿಂದ ೩೬ನೆಯ ವಾರದೊಳಗೆ ಕೊಡುವ ಲಸಿಕೆಯ ಬಗೆಗೆ ವೈದ್ಯರನ್ನು ಕೇಳುವುದು. ಬಾಣಂತಿಯ ಕೋಣೆಗೆ ಹೊರಗಿನವರು ಬಾರದಂತೆ ನಮ್ಮ ಅಜ್ಜಿಯರು ಪಾಲಿಸುತ್ತಿದ್ದ ನಿಯಮವನ್ನು ಬೇಸರಿಸದೆ ಗೌರವಿಸುವುದು. ಜ್ವರ, ಕೆಮ್ಮು, ಗುಳ್ಳೆಗಳಿರುವ ಮಗುವನ್ನು ನಾಮಕರಣಕ್ಕೂ ಸಂತರ್ಪಣೆಗೂ ಕರೆತರದಿರುವುದು. ಅಂದು ಮನೆಯಲ್ಲಿಯೇ ಮಾಡಿದ ಗುರುಸ್ಮರಣೆಗೆ ಫಲ ಕಡಿಮೆಯಾಗದು. ಹೆದರಿದ ತಾಯಿಯನ್ನು ನಿಂದಿಸದೆ, ಒಳ್ಳೆಯ ವೈದ್ಯರ ಬಳಿಗೆ ಜೊತೆಗೂಡಿ ಕರೆದೊಯ್ಯುವುದು.

ಮಾತನಾಡಲು ಬಾರದ ಕೂಸು ತನ್ನ ರಕ್ಷಣೆಯನ್ನು ಯಾರಲ್ಲಿಯೂ ಬೇಡಲಾರದು. ಬೇಡದವರಿಗೆ ಸಲ್ಲಿಸುವ ಸೇವೆಯೇ ನಿಜವಾದ ದಾನ. ಅಂತಹ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು