ಸಮಪಾಲು ಮತ್ತು ನ್ಯಾಯದ ಪಾಲು

ಹೊಸದುರ್ಗ ತಾಲ್ಲೂಕಿನ ಬಾಗೂರು ಸೀಮೆ ರಾಗಿ, ತೆಂಗಿನ ನಾಡು. ನಾಲ್ಕೈದು ಮಕ್ಕಳಿರುವ ಮನೆಯಲ್ಲಿ ಒಂದು ಕಾಯಿ ಒಡೆದರೆ ಸಾಕು, "ಅವನಿಗೆ ದೊಡ್ಡ ಚೂರು, ನನಗೆ ಚಿಕ್ಕದು" ಅಂತ ರಂಪ ಶುರು. ಹಾಗಾದರೆ ತಾಯಿ ಎಲ್ಲರಿಗೂ ಒಂದೇ ಅಳತೆ ಕೊಡಬೇಕೇ?

ಕೂಸಿಗೆ ಹಾಲು, ಜ್ವರದವನಿಗೆ ಗಂಜಿ, ಬೆಳೆಯುವ ಮಗುವಿಗೆ ಇನ್ನರ್ಧ ಮುದ್ದೆ. ಹಸಿವು ನೋಡಿ ಬಡಿಸುವುದು ಭೇದವಲ್ಲ. ಗಂಡೋ ಹೆಣ್ಣೋ ಎಂದು ನೋಡಿ ಬಡಿಸಿದರೆ ಮಾತ್ರ ಅದು ಅಧರ್ಮ.

ಎಷ್ಟೋ ಮನೆಗಳಲ್ಲಿ ಹಿರೀಮಗಳು ಕೂಸನ್ನು ಸೊಂಟದ ಮೇಲೆ ಹೊತ್ತು, ತಮ್ಮಂದಿರಿಗೆ ಉಣ್ಣಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ತಾನು ಉಣ್ಣುತ್ತಾಳೆ. "ನಮ್ಮ ಹುಡುಗಿ ಜಾಣೆ, ಏನೂ ಕೇಳೋದೇ ಇಲ್ಲ" ಎಂದು ಹೆತ್ತವರು ಹೊಗಳುತ್ತಾರೆ. ಕೇಳದವಳಿಗೆ ಹಸಿವಿಲ್ಲವೇ?

ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಶಾಲೆಯ ಬಿಸಿಯೂಟದಲ್ಲಿ 5ನೇ ತರಗತಿವರೆಗೆ ದಿನಕ್ಕೆ 100 ಗ್ರಾಂ, 6ರಿಂದ 8ರವರಿಗೆ 150 ಗ್ರಾಂ ಧಾನ್ಯದ ಲೆಕ್ಕ. ವಯಸ್ಸಿಗೆ ತಕ್ಕ ಅಳತೆ ಉಂಟು, ಹುಡುಗ ಹುಡುಗಿಗೆ ಬೇರೆ ಅಳತೆ ಇಲ್ಲ.

ಆ ನ್ಯಾಯ ಮನೆಯ ಒಲೆ ಮುಂದೆಯೂ ನಡೆಯಲಿ. ತಂದೆ ತಾಯಂದಿರು ಅಳುವ ಮಗುವಿಗೆ ಬಡಿಸುವಾಗ, ಸುಮ್ಮನೆ ಕೂತ ಮಗುವಿನ ತಟ್ಟೆಯನ್ನೂ ಒಮ್ಮೆ ನೋಡಲಿ.