ಬಸಿದ ಕಟ್ಟು, ಬಾಗಿಲ ಹಿಂದಿನ ಚೀಟಿ

ಸಂಜೆ ಆರು ಗಂಟೆಗೆ "ರಾತ್ರಿಗೇನು ಮಾಡೋದು?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ಮನೆಯಲ್ಲಿ ದುಡ್ಡು ಉಳಿಯುವುದು ಕಷ್ಟ. ಯಾರೋ ಒಬ್ಬರು ಫೋನ್ ತೆಗೆದು ಹೋಟೆಲಿನ ಊಟ ತರಿಸುತ್ತಾರೆ, ಇಲ್ಲವೇ ಬೀದಿ ಕೊನೆಯ ಅಂಗಡಿಯಿಂದ ಬ್ರೆಡ್ಡೋ ನೂಡಲ್ಸೋ ಬರುತ್ತದೆ. ಫ್ರಿಜ್ಜಿನಲ್ಲಿದ್ದ ದಂಟಿನ ಸೊಪ್ಪು ಇನ್ನೊಂದು ದಿನ ಬಾಡಿ, ಅದರ ಮರುದಿನ ಹಸಿ ಕಸದ ಬುಟ್ಟಿ ಸೇರುತ್ತದೆ. ತಿಂಗಳ ಕೊನೆಗೆ ಲೆಕ್ಕ ನೋಡುವಾಗ ದಿನಸಿ ಅಂಗಡಿಯ ಚೀಟಿಯಲ್ಲಿ ಹೆಚ್ಚುಕಮ್ಮಿ ಏನೂ ಕಾಣುವುದಿಲ್ಲ. ಬೇಳೆಗೆ ಐದು ರೂಪಾಯಿ ಚೌಕಾಸಿ ಮಾಡಿ ಉಳಿಸಿದ್ದು, ಯಾರೂ ಏನೂ ನಿರ್ಧರಿಸದೆ ಬಿಟ್ಟ ಇಂಥ ನಾಲ್ಕಾರು ಸಂಜೆಗಳಲ್ಲಿ ಸೋರಿಹೋಗಿರುತ್ತದೆ.

ನಮ್ಮ ಹಳೇ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹಿಂದಿನ ರಾತ್ರಿಯೇ ಸಿಕ್ಕಿರುತ್ತಿತ್ತು. ಮಲಗುವ ಮುಂಚೆ ಒಂದು ಪಾವು ಕಾಳು ನೆನೆಹಾಕಿದರೆ ಮಾರನೆಯ ದಿನದ ಅಡುಗೆ ಅರ್ಧ ಮುಗಿದ ಹಾಗೆ. ಹುರುಳಿಯೋ ಅಲಸಂದೆಯೋ ಹೆಸರುಕಾಳೋ, ರಾತ್ರಿಯೆಲ್ಲ ನೀರು ಕುಡಿದು ಉಬ್ಬಿದ ಕಾಳು ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ನೆನೆಯದ ಹುರುಳಿಯನ್ನು ಕುಕ್ಕರಿಗೆ ಹಾಕಿ, ಸೀಟಿ ಎಣಿಸುತ್ತಾ ನಿಂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ, ಸೊಪ್ಪು ಮೆತ್ತಗಾದ ಕೂಡಲೇ ಬಸಿಯಬೇಕು. ತಡವಾದರೆ ಸೊಪ್ಪು ಕರಗಿ ಪಲ್ಯ ಹಿಟ್ಟು ಹಿಟ್ಟಾಗುತ್ತದೆ. ಕೆಳಗಿಳಿದ ಕಟ್ಟು ಸಾರಿಗೆ, ಮೇಲುಳಿದದ್ದು ಪಲ್ಯಕ್ಕೆ. ಪಲ್ಯಕ್ಕೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ, ಮೇಲಿಷ್ಟು ಕಾಯಿತುರಿ ಸಾಕು. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ಮೆಣಸು, ಸಾರಿನಪುಡಿ, ಹುಣಸೆಹಣ್ಣು, ಸ್ವಲ್ಪ ಕಾಯಿ ಸೇರಿಸಿ ರುಬ್ಬಬೇಕು. ರುಬ್ಬುವಾಗ ಬಸಿದ ಕಾಳು-ಸೊಪ್ಪಿನಿಂದಲೇ ಒಂದು ಸೌಟು ತೆಗೆದು ಹಾಕಿಕೊಂಡರೆ ಸಾರು ಗಟ್ಟಿ ಬರುತ್ತದೆ, ಕಾಯಿ ಅಷ್ಟು ಬೇಕಾಗುವುದಿಲ್ಲ. ತೆಂಗಿನಕಾಯಿ ದುಬಾರಿಯಾದ ದಿನಗಳಲ್ಲಿ ಹೆಂಗಸರು ಕೈಯಾರೆ ಕಂಡುಕೊಂಡ ಉಪಾಯ ಇದು ಎಂದೇ ನನ್ನ ನಂಬಿಕೆ. ಒಂದೇ ಪಾತ್ರೆಯಲ್ಲಿ ಬೇಯಿಸಿ ಎರಡು ಅಡುಗೆ. ಬೇಯಿಸಿದ ನೀರಿಗೆ ಇಳಿದ ಸತ್ವ ಒಂದು ತೊಟ್ಟೂ ಬಚ್ಚಲಿಗೆ ಹೋಗಲಿಲ್ಲ. ಮಾರನೆಯ ದಿನ ಮತ್ತೆ ಕುದಿಸಿದ ಬಸ್ಸಾರಿನ ರುಚಿ ಮೊದಲ ದಿನದ್ದಕ್ಕಿಂತ ಹೆಚ್ಚು, ಹಾಗಾಗಿ ಎರಡನೆಯ ರಾತ್ರಿಯ ಊಟವೂ ಆಯಿತು. ರುಬ್ಬಲು ಹೊತ್ತಿಲ್ಲದ ದಿನಕ್ಕೆ ಉಪ್ಸಾರು ಇದ್ದೇ ಇದೆ. ಅದೇ ಕಟ್ಟು, ಬಿಸಿ ಮುದ್ದೆ, ತಟ್ಟೆಯ ಅಂಚಿಗೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಒಂದು ಉಂಡೆ ಖಾರ. ಖಾರ ಒಮ್ಮೆ ಅರೆದಿಟ್ಟರೆ ಕೆಲವು ದಿನ ಬರುತ್ತದೆ.

ಇದನ್ನು ಬಡವರ ಊಟ ಎಂದು ಮುಖ ಸಿಂಡರಿಸುವ ಕಾಲ ಹೋಯಿತೆಂದು ಕಾಣುತ್ತದೆ. ಹುರುಳಿಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶ ಇದೆ, ಅಕ್ಕಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ರಾಗಿ ಬಣ್ಣದ ಪೊಟ್ಟಣಗಳಲ್ಲಿ ಬಿಸ್ಕತ್ತಾಗಿ ಬಂದು ಕೂತಿದೆ. ಬಿಸ್ಕತ್ತಿಗಿಂತ ಮುದ್ದೆ ಅಗ್ಗ, ಹೊಟ್ಟೆಯನ್ನೂ ತುಂಬಿಸುತ್ತದೆ.

ಬಾಡು ತಿನ್ನುವ ನಮ್ಮಂಥ ಮನೆಗಳಲ್ಲೂ ಬಾಡು ದಿನನಿತ್ಯದ್ದಾಗಿರಲಿಲ್ಲ. ವರ್ಷತೊಡಕಿಗೆ, ಹಿರಿಯರ ಹಬ್ಬಕ್ಕೆ, ನೆಂಟರು ಬಂದಾಗ, ಕೈಯಲ್ಲಿ ಕಾಸಿದ್ದರೆ ಭಾನುವಾರ. ಸೋಮವಾರ, ಶನಿವಾರ ಮುಟ್ಟುತ್ತಿರಲಿಲ್ಲ, ಶ್ರಾವಣದಲ್ಲಂತೂ ಇಲ್ಲವೇ ಇಲ್ಲ. ಉಳಿದ ರಾತ್ರಿಗಳನ್ನೆಲ್ಲ ಕಾಳು, ಸೊಪ್ಪು, ಮಜ್ಜಿಗೆಗಳೇ ದಾಟಿಸಿದವು. ಮಲೆನಾಡಿನಲ್ಲಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆಯ ಜೊತೆ ತುಸು ಬಾಡಿಸಿ, ಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಕುದಿಸುವ ಗೋಜೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಕಡಲೆಹಿಟ್ಟಿನ ಝುಣಕ, ವಾರಗಟ್ಟಲೆ ಇಟ್ಟರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಒಂದೊಂದು ಸೀಮೆಯೂ ತನ್ನ ನೆಲದಲ್ಲಿ ಬೆಳೆದದ್ದರಿಂದ ದಣಿದ ಸಂಜೆಗೊಂದು ಊಟ ಕಟ್ಟಿಕೊಟ್ಟಿದೆ. ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಕಾಳನ್ನು ನೆನೆಹಾಕಬೇಕೆಂಬ ನೆನಪು ಮನೆಯಲ್ಲಿ ಒಬ್ಬಳ ತಲೆಯಲ್ಲಿ ಮಾತ್ರ ಇದೆ. ಆಕೆಗೆ ಒಂದು ರಾತ್ರಿ ಜ್ವರ ಬಂದರೆ, ಆಫೀಸಿನಿಂದ ತಡವಾಗಿ ಬಂದರೆ, ಊರಿಗೆ ಹೋದರೆ, ಇಡೀ ಏರ್ಪಾಡು ನಿಂತುಹೋಗುತ್ತದೆ. ಉಳಿದವರು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. "ಹೇಳಿದ್ರೆ ನಾನೇ ಮಾಡ್ತಿದ್ನಲ್ಲ" ಎಂದು ಗಂಡ ಹೇಳುವುದರಲ್ಲಿ ಸುಳ್ಳಿಲ್ಲ. "ಅಮ್ಮಾ, ಹುರುಳಿ ಯಾವ ಡಬ್ಬೀಲಿದೆ? ಎಷ್ಟು ಹಾಕ್ಲಿ?" ಎಂದು ಕೇಳುವ ಮಗನಿಗೂ ಮನಸ್ಸಿದೆ. ಆದರೆ ನೆನಪಿಟ್ಟುಕೊಳ್ಳುವುದು, ಹೇಳುವುದು, ಎಲ್ಲಿದೆ ಎಷ್ಟು ಎಂದು ತಿಳಿಸುವುದು, ಆಯಿತೇ ಎಂದು ನೋಡುವುದು, ಇವೆಲ್ಲವೂ ಕೆಲಸವೇ. ಅದು ಆಕೆಯ ಪಾಲಿಗೇ ಉಳಿಯಿತು.

ದೇಶದಾದ್ಯಂತ ಮೊದಲ ಬಾರಿಗೆ 2019ರಲ್ಲಿ ನಡೆದ ಕಾಲಬಳಕೆ ಸಮೀಕ್ಷೆಯ ಲೆಕ್ಕ ಹೀಗಿದೆ: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಮಾಡುವವರೇ ಎಷ್ಟು ಜನ ಎಂದು ನೋಡಿದರೆ ಹೆಂಗಸರಲ್ಲಿ ಶೇಕಡ 81.2, ಗಂಡಸರಲ್ಲಿ ಶೇಕಡ 26.1. ಒಗ್ಗರಣೆ ಹಾಕುತ್ತಲೇ ನಾಳೆಯ ತಿಂಡಿ ಯೋಚಿಸುವ, ಬಸ್ಸಿನಲ್ಲಿ ಕೂತು ಹಾಲಿನ ಲೆಕ್ಕ ಹಾಕುವ ಹೊತ್ತನ್ನು ಈ ನಿಮಿಷಗಳಲ್ಲಿ ಎಲ್ಲಿ ಸೇರಿಸುವುದು?

ತಲೆಯಲ್ಲಿರುವುದನ್ನು ಗೋಡೆಗೆ ಇಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಇದೂ ನಮಗೆ ಹೊಸದಲ್ಲ. ಹಾಲು ಹಾಕಿಸಿಕೊಂಡದ್ದಕ್ಕೆ ಅಡುಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಕಾಗದಪತ್ರ, ರಸೀದಿಗಳನ್ನು ಚುಚ್ಚಿಡಲು ಮೊಳೆಗೊಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಬೆಕ್ಕಿಗೆ ಸಿಗದಂತೆ ಹಾಲು ಮೊಸರಿಗೆ ನೆಲುವು, ಸಾಸಿವೆ ಜೀರಿಗೆ ಕೈಗೆಟುಕಲು ಒಗ್ಗರಣೆ ಡಬ್ಬಿ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಏಕಾದಶಿ, ಅಮಾವಾಸ್ಯೆಯ ಪಕ್ಕದಲ್ಲೇ ಸಿಲಿಂಡರ್ ಬಂದ ದಿನ, ಪೇಪರ್ ಬಾರದ ದಿನ ಬರೆದಿರುತ್ತಿತ್ತು. 14.2 ಕೆಜಿಯ ಸಿಲಿಂಡರ್ ಈ ಸಲ ಎಷ್ಟು ದಿನ ಬಂತು ಎಂದು ಅದು ಬಂದ ಎರಡು ಗುರುತುಗಳ ನಡುವೆ ಎಣಿಸಿದರೆ ಸಾಕಿತ್ತು. ಬಿಲ್ಲು ಕಟ್ಟುವುದು, ಮೀಟರ್ ನೋಡುವುದು ಈಗ ಫೋನಿಗೆ ಹೋಗಿದೆ. ಅದು ಒಳ್ಳೆಯದೇ. ಆದರೆ ಫೋನು ಒಬ್ಬರ ಕೈಯಲ್ಲಿರುತ್ತದೆ, ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಗೆಲಸಕ್ಕೆ ಗೋಡೆಯೇ ಸರಿ.

ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಗೋಡೆಗೆ ತೂಗುಹಾಕಿದ ಒಬ್ಬೊಬ್ಬರ ಜೇಬಿಗೆ ಹಂಚಿದರೆ ಸಾಕು. ಇದಕ್ಕೆ ಅಂಗಡಿಯಿಂದ ಏನನ್ನೂ ತರಬೇಕಿಲ್ಲ. ಮಂಡಿಯಲ್ಲಿ ಹರಿದ ಜೀನ್ಸ್ ಪ್ಯಾಂಟುಗಳ ಹಿಂದಿನ ಜೇಬುಗಳನ್ನು ಸುತ್ತಲೂ ಒಂದು ಬೆರಳಷ್ಟು ಬಟ್ಟೆ ಬಿಟ್ಟು ಕತ್ತರಿಸಿ, ಹಳೆಯ ದಪ್ಪ ದುಪ್ಪಟಿಯ ತುಂಡಿಗೆ ಹೊಲಿದರಾಯಿತು. ಜೇಬಿನ ಬಾಯಿಗೆ ಸೂಜಿ ತಾಗಬಾರದು. ಹೊಲಿಗೆ ಯಂತ್ರಕ್ಕೆ ಆ ದಪ್ಪ ಬಟ್ಟೆ ಹೋಗದಿದ್ದರೆ ಗೋಣಿಸೂಜಿಯಲ್ಲಿ ಕೈಹೊಲಿಗೆ ಹಾಕಬಹುದು. ಮೇಲ್ತುದಿಯನ್ನು ಮಡಿಸಿ ಹೊಲಿದು ಒಳಗೊಂದು ಬಿದಿರುಕಡ್ಡಿ ತೂರಿಸಿ, ದಾರ ಕಟ್ಟಿ, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಬೇಕು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಜೇಬು, ಜೊತೆಗೆ ಮುಗಿದ ಕೆಲಸಕ್ಕೊಂದು. ಚೀಟಿಗಳಿಗೆ ಹಳೆಯ ಲಗ್ನಪತ್ರಿಕೆಗಳಿಗಿಂತ ಒಳ್ಳೆಯ ಕಾಗದ ಸಿಗದು. ಗಟ್ಟಿಯಾಗಿರುತ್ತವೆ, ಒಂದು ಮೈ ಖಾಲಿ ಇರುತ್ತದೆ, ಒದ್ದೆ ಕೈಯಲ್ಲಿ ಮುಟ್ಟಿದರೂ ಬೇಗ ಹರಿಯುವುದಿಲ್ಲ. ದೇವರ ಚಿತ್ರವಿರುವ ಭಾಗವನ್ನು ಕತ್ತರಿಸಿ ಬೇರೆ ಎತ್ತಿಟ್ಟರೆ ಹಿರಿಯರಿಗೂ ನೋವಾಗುವುದಿಲ್ಲ.

ಚೀಟಿಯಲ್ಲಿ ಏನು ಬರೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. "ಕಾಳು ನೆನೆಹಾಕು" ಎಂದಷ್ಟೇ ಬರೆದರೆ ಮತ್ತೆ ಆಕೆಯನ್ನೇ ಕೇಳಲು ಬರುತ್ತಾರೆ. "ಹುರುಳಿ, ಕೆಳಗಿನ ಗೂಡಿನ ನೀಲಿ ಡಬ್ಬಿ, ಒಂದು ಪಾವು. ಕಲ್ಲು ಆರಿಸಿ, ಎರಡು ಸಲ ತೊಳೆದು, ಕಾಳಿನ ಮೂರರಷ್ಟು ನೀರು. ರಾತ್ರಿ ಒಂಬತ್ತರೊಳಗೆ." ಹೀಗೆ ಬರೆದರೆ ಹತ್ತು ವರ್ಷದ ಹುಡುಗನೂ ಯಾರನ್ನೂ ಕೇಳದೆ ಮಾಡುತ್ತಾನೆ. ಹೊರಗಿನ ಗಿಡಕ್ಕೆ ನೀರು ಹಾಕುವ ಚೀಟಿ, ಒಣಗಿದ ಬಟ್ಟೆ ಮಡಿಸುವ ಚೀಟಿ, ಒಣ ಕಸ ಹೊರಗಿಡುವ ವಾರದ ಚೀಟಿ, ಎಲ್ಲಕ್ಕೂ ಇದೇ ಲೆಕ್ಕ. ಎಲ್ಲಿ, ಎಷ್ಟು, ಯಾವಾಗ ಎಂಬುದು ಚೀಟಿಯಲ್ಲೇ ಇರಬೇಕು. ಮುಗಿಸಿದವರು ಚೀಟಿಯನ್ನು ಕೊನೆಯ ಜೇಬಿಗೆ ಹಾಕಲಿ. ಭಾನುವಾರ ಎಲ್ಲ ಚೀಟಿಗಳನ್ನೂ ತೆಗೆದು ಮತ್ತೆ ಹಂಚಿದರೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ಹಾಗೆ ಹೋಗಲೇಬೇಕು. ಗುಡಿಸುವ ಚೀಟಿ ಯಾವಾಗಲೂ ಮಗಳ ಜೇಬಿನಲ್ಲಿ, ಅಂಗಡಿಗೆ ಹೋಗುವ ಚೀಟಿ ಯಾವಾಗಲೂ ಮಗನ ಜೇಬಿನಲ್ಲಿ ಉಳಿದರೆ ಅಷ್ಟು ಹೊಲಿದದ್ದು ವ್ಯರ್ಥ.

ವಾರದ ಊಟದ ಪಟ್ಟಿಯನ್ನೂ ಅಲ್ಲೇ ಹಾಕಬಹುದು. ಏಳು ದಿನಕ್ಕೆ ಏಳು ಅಡುಗೆಯ ಹೆಸರು ಬರೆದ ಪಟ್ಟಿ ಮಾತ್ರ ಬಾಳುವುದಿಲ್ಲ. ಸೊಪ್ಪಿನವಳ ಬುಟ್ಟಿಯಲ್ಲಿ ಇವತ್ತು ಸಬ್ಬಸಿಗೆ ಇದೆಯೋ ಚಕ್ಕೋತ ಇದೆಯೋ ಪಟ್ಟಿಗೆ ಗೊತ್ತಿರುವುದಿಲ್ಲ. ಧನುರ್ಮಾಸದಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುವಾಗ ಬೀನ್ಸ್ ಪಲ್ಯ ಎಂದು ಬರೆದಿದ್ದರೆ ಅದನ್ನು ಯಾರು ಕೇಳುತ್ತಾರೆ? ಅಡುಗೆಯ ಬದಲು ಅದರ ಜಾತಿ ಬರೆಯುವುದು ಮೇಲು: ಸೋಮವಾರ ಕಾಳು-ಸೊಪ್ಪು, ಮಂಗಳವಾರ ಅದರದೇ ಸಾರು, ಬುಧವಾರ ಮಜ್ಜಿಗೆಯ ಅಡುಗೆ, ಗುರುವಾರ ಬೇಳೆ, ಶುಕ್ರವಾರ ಗೊಜ್ಜು ಅಥವಾ ಚಿತ್ರಾನ್ನ. ಒಳಗೆ ತುಂಬುವುದನ್ನು ಸಂತೆ ತೀರ್ಮಾನಿಸಲಿ. ಹೀರೆಕಾಯಿ ಬಂದ ದಿನ ಅದರ ಸಿಪ್ಪೆಯನ್ನು ಉದ್ದಿನಬೇಳೆ, ಒಣಮೆಣಸಿನಕಾಯಿ ಜೊತೆ ಹುರಿದು ಚಟ್ನಿ ಅರೆದರೆ ಅದೇ ಇನ್ನೊಂದು ಹೊತ್ತಿಗೆ ನಂಜಿಕೊಳ್ಳಲು ಆಗುತ್ತದೆ.

ಮಿತವ್ಯಯದ ಮಾತಾಡುವಾಗ ನನ್ನನ್ನು ಬಿಡದೆ ಕಾಡುವುದು ತಟ್ಟೆಯ ವಿಷಯ. ನಿನ್ನೆಯ ಸಾರು ಮಿಕ್ಕಿದೆ, ಸರಿ. ಅದನ್ನು ತಿನ್ನುವವರು ಯಾರು? ಎಲ್ಲರಿಗೂ ಬಿಸಿ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಪಲ್ಯವನ್ನು ತಂಗಳನ್ನಕ್ಕೆ ಕಲಸಿಕೊಂಡು ಕೊನೆಗೆ ಉಣ್ಣುವ ಅಮ್ಮಂದಿರನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಅದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ ಎಂದಿತು. ಇದಕ್ಕೆ ಕಾರಣಗಳು ಹಲವು. ಕೊನೆಯವಳಾಗಿ ಉಣ್ಣುವವಳ ತಟ್ಟೆಗೆ ಕಾಳು, ಸೊಪ್ಪು ಕಡಿಮೆ ಬೀಳುವುದೂ ಅವುಗಳಲ್ಲಿ ಒಂದೆಂದು ಒಪ್ಪಿಕೊಳ್ಳಲು ವೈದ್ಯರೇ ಆಗಬೇಕಿಲ್ಲ. ಒಬ್ಬಳ ಹೊಟ್ಟೆಯಿಂದ ಕಿತ್ತು ಉಳಿಸಿದ ದುಡ್ಡನ್ನು ಉಳಿತಾಯದ ಖಾತೆಗೆ ಬರೆಯಲು ನಾನು ಒಪ್ಪಲಾರೆ. ಹಾಗಾಗಿ ಜೇಬಿನಲ್ಲಿ ಇನ್ನೊಂದು ಚೀಟಿ ಇರಲಿ: "ಪಲ್ಯ ಮೊದಲು ಎಲ್ಲ ತಟ್ಟೆಗೂ ಹಂಚಿ, ಅಮ್ಮನದೂ ಸೇರಿ. ನಿನ್ನೆಯ ಸಾರು ಎಲ್ಲರಿಗೂ." ಇದನ್ನು ಮಕ್ಕಳ ಜೇಬಿಗೆ ಹಾಕಿ. ತಟ್ಟೆಗಳನ್ನು ಸಾಲಾಗಿ ಇಟ್ಟು, ಸೌಟಿನಲ್ಲಿ ಅಳೆದು, ಇವರಿಗಿಷ್ಟು ಅವರಿಗಿಷ್ಟು ಎಂದು ಸರಿಸಮ ಹಾಕುವ ಕೆಲಸವನ್ನು ಮಕ್ಕಳಷ್ಟು ಕಟ್ಟುನಿಟ್ಟಾಗಿ ದೊಡ್ಡವರು ಮಾಡುವುದಿಲ್ಲ.