ಸತ್ತ ಕ್ರಿಮಿ ಎಲ್ಲಿ ಹೋಯಿತು?

ಮೊನ್ನೆ ತಂದ ಕಾಳುಮೆಣಸಿನ ಪುಡಿಯ ಪೊಟ್ಟಣದ ಮೇಲೆ ಸಣ್ಣದೊಂದು ಹಸಿರು ಗುರುತಿತ್ತು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇದೇನೇ ಇದು, ವೃತ್ತದೊಳಗೆ ಎರಡು ಎಲೆ?" ಎಂದರು.

"ಕ್ರಿಮಿ ಸಾಯಲಿ ಅಂತ ವಿಕಿರಣ ಹಾಯಿಸಿದ್ದಾರೆ ಅತ್ತೆ."

"ಸತ್ತ ಕ್ರಿಮಿ ಎಲ್ಲಿ ಹೋಯಿತು?"

ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಅದು ಪುಡಿಯಲ್ಲೇ ಇದೆ.

ವಿಕಿರಣವೆಂದರೆ ನಮಗೆ ಬಾಂಬು ನೆನಪಾಗುತ್ತದೆ. ಇಲ್ಲಿ ಆ ಭಯ ಬೇಕಿಲ್ಲ. ಕೋಬಾಲ್ಟ್-60ರ ಗಾಮಾ ಕಿರಣಗಳು ಮುಚ್ಚಿದ ಪೊಟ್ಟಣವನ್ನೂ ಹಾಯ್ದು ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಕೊಲ್ಲುತ್ತವೆ. ಆಹಾರದಲ್ಲಿ ವಿಕಿರಣ ಉಳಿಯುವುದಿಲ್ಲ. ಹಾಲಿನಂತೆ ಮೆಣಸನ್ನು ಕಾಯಿಸಲು ಹೋದರೆ ಘಮವೇ ಹೋದೀತು. ನಮ್ಮ ದೇಶದಲ್ಲಿ 1994ರಲ್ಲೇ ಈರುಳ್ಳಿ, ಆಲೂಗೆಡ್ಡೆ, ಮಸಾಲೆ ಪದಾರ್ಥಗಳಿಗೆ ಇದಕ್ಕೆ ಅನುಮತಿ ಸಿಕ್ಕಿತು. 2000ದಲ್ಲಿ ನವಿ ಮುಂಬಯಿಯ ವಾಶಿಯಲ್ಲಿ ಮಸಾಲೆಗೆಂದೇ ಒಂದು ಘಟಕ ಶುರುವಾಯಿತು.

ನನ್ನನ್ನು ಕಾಡುವುದು ಬೇರೆ. ನೆಲದ ಮೇಲೆ ಒಣಹಾಕಿ, ಇಲಿ, ಹಕ್ಕಿ ಓಡಾಡಿದ ಮೆಣಸಿಗೆ ಕಿರಣ ಹಾಯಿಸಿದರೆ ರೋಗಾಣು ಸಾಯುತ್ತದೆ, ಹಿಕ್ಕೆ ಹಾಗೆಯೇ ಇರುತ್ತದೆ. ಬೂಷ್ಟು ಸತ್ತರೂ ಅದು ಮೊದಲೇ ಬಿಟ್ಟಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ಉಳಿದುಬಿಡುತ್ತದೆ. ಕೊನೆಗೆ ಶುದ್ಧ ಮಾಡುವವರು ಇದ್ದಾರೆಂದರೆ ಮೊದಲಲ್ಲಿ ಕೊಳಕು ಮಾಡಬಹುದೆ? ಗಂಗೆಯಲ್ಲಿ ಮುಳುಗಿದರಾಯಿತೆಂದು ಪಾಪ ಮಾಡುವವರ ಲೆಕ್ಕವೂ ಇದೇ ಅಲ್ಲವೆ?

ಹೀಗೆ ಅಂಗಳದವರನ್ನು, ವ್ಯಾಪಾರಿಯನ್ನು ಮನಸ್ಸಿನಲ್ಲೇ ಬಯ್ಯುತ್ತಿರುವಾಗ ನನ್ನ ಕೈ ಕರಿಬೇವನ್ನು ತೊಳೆಯದೆ ಸಾರಿಗೆ ಹಾಕಿತ್ತು. ಹೇಗೂ ಕುದಿಯುತ್ತದಲ್ಲ! ಒಲೆಯ ಮೇಲೆ ನನಗಿರುವ ಭರವಸೆಯೇ ಅವರಿಗೆ ಕಿರಣದ ಮೇಲೆ.

ಹಾಗೆಂದು ಕಿರಣವೇ ಬೇಡವೆನ್ನಲಾರೆ. ಎಷ್ಟೇ ಎಚ್ಚರದಿಂದ ಒಣಗಿಸಿದರೂ ಕಣ್ಣಿಗೆ ಕಾಣದ್ದು ತಪ್ಪಿಸಿಕೊಳ್ಳುತ್ತದೆ. ಮಗುವಿಗೆ ವಾಂತಿಭೇದಿಯಾದಾಗ ನನ್ನ ಹಟ ಯಾವ ಔಷಧವೂ ಆಗುವುದಿಲ್ಲ. ಎಚ್ಚರ ವಹಿಸಿದ ಮೇಲೂ ಉಳಿದದ್ದಕ್ಕೆ ಕಿರಣವಿರಲಿ. ಎಚ್ಚರದ ಬದಲಿಗೆ ಬೇಡ. ಆ ಹಸಿರು ಗುರುತು ಹೇಳುವುದು ಕಿರಣ ಹಾಯಿಸಿದ್ದಾರೆಂಬುದನ್ನು ಮಾತ್ರ; ಅದಕ್ಕೆ ಮೊದಲು ಯಾರು ಎಷ್ಟು ಜೋಪಾನ ಮಾಡಿದರು ಎಂಬುದನ್ನಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅತ್ತೆಗೆ ನಿಜ ಹೇಳಿದೆ. "ಅದರಲ್ಲೇ ಇರುತ್ತೆ ಅಂತ ನನಗೂ ಅನ್ನಿಸಿತ್ತು," ಎಂದು ನಕ್ಕು ಸಾರು ಬಡಿಸಿಕೊಂಡರು. ಮರುದಿನದಿಂದ ಕರಿಬೇವನ್ನು ಎರಡು ಸಲ ತೊಳೆಯುತ್ತಿದ್ದೇನೆ.